ಪಟ್ಟಿ ಬಾಗಿದರೆ ಬಾಗಲಿ, ಕಾಲು ನೋಡಿ: ತೋಟದ ಟ್ಯಾಂಕ್ ಸ್ಟ್ಯಾಂಡಿನ ರಿಪೇರಿ

ಶ್ರೀನಿವಾಸಪುರದ ಕಡೆ ನಮ್ಮ ಚಿಕ್ಕಪ್ಪನ ಮಾವಿನ ತೋಟವಿದೆ. ತ್ರೀಫೇಸ್ ಕರೆಂಟ್ ಬಂದಾಗ ಬೋರ್‌ವೆಲ್ ನೀರು ಒಂದು 2000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ತುಂಬುತ್ತದೆ, ಗೊಬ್ಬರ ಕಲಸಿ ಡ್ರಿಪ್‌ಗೆ ಬಿಡುವುದೂ ಅಲ್ಲಿಂದಲೇ. ಟ್ಯಾಂಕು ಕೂತಿರುವ ಕಬ್ಬಿಣದ ಸ್ಟ್ಯಾಂಡಿನ ವಿವರ ಇಷ್ಟು: ನಾಲ್ಕು ಕಾಲು, ಒಂದೊಂದೂ 3 ಮೀಟರ್, ಒಂದೂವರೆ ಇಂಚಿನ ಆಂಗ್ಲರ್, ಅಂದರೆ ಎಲ್ ಆಕಾರದ ಕಬ್ಬಿಣ (ಅಂಗಡಿಯಲ್ಲಿ 40-40-5 ಎಂದು ಕೇಳಬೇಕು: ಎರಡೂ ಮಗ್ಗುಲು 40 ಮಿ.ಮೀ., ದಪ್ಪ 5). ಕಾಲಿಂದ ಕಾಲಿಗೆ 1.2 ಮೀಟರ್. ನಾಲ್ಕೂ ಮುಖಗಳಲ್ಲಿ ಬುಡದಿಂದ ತುದಿಯವರೆಗೆ 40-5 ಪಟ್ಟಿಯಲ್ಲಿ (40 ಮಿ.ಮೀ. ಅಗಲ, 5 ದಪ್ಪ) ಒಂದೊಂದು ದೊಡ್ಡ ಇಂಟು (X). ನಡುವೆ ಬೇರೆ ಏನೂ ಇಲ್ಲ. ನಮ್ಮ ಕಡೆ ತೋಟ ತೋಟದಲ್ಲೂ ನಿಂತಿರುವುದು ಇಂಥವೇ.

ಚಿಕ್ಕಪ್ಪನ ದೂರು ಪಟ್ಟಿಗಳ ಬಗ್ಗೆ. "ಟ್ಯಾಂಕ್ ತುಂಬಿದ್ರೆ ಸಾಕು, ಪಟ್ಟಿ ಎಲ್ಲಾ ಹೊಟ್ಟೆ ಬಿಡ್ತವೆ ಕಣೋ. ಕೈಯಲ್ಲಿ ತಳ್ಳಿದ್ರೆ ಅಲ್ಲಾಡ್ತವೆ." ವೆಲ್ಡಿಂಗ್ ಮೇಸ್ತ್ರಿಯೂ ಅದನ್ನೇ ಹೇಳಿದ್ದರು: "ಪಟ್ಟಿ ತೆಳ್ಳಗಾಯ್ತು ಸಾರ್, 50-6 ಹಾಕಿಬಿಡೋಣ." ನಿಜ, ತುಂಬಿದ ಟ್ಯಾಂಕಿನ ಕೆಳಗೆ ಪಟ್ಟಿಗಳು ಹದಿನೈದು ಮಿ.ಮೀ. ಆಸುಪಾಸು ಬಾಗುತ್ತಿದ್ದವು, ಖಾಲಿಯಾದರೆ ನೆಟ್ಟಗಾಗುತ್ತಿದ್ದವು. ನನ್ನ ಕಣ್ಣು ಹೋದದ್ದು ಬೇರೆ ಕಡೆ. ಈಶಾನ್ಯದ ಕಾಲು ಮೂಲೆಗುಂಟ ಹೊರಕ್ಕೆ ಬಾಗಿತ್ತು. ಓವರ್‌ಫ್ಲೋ ಪೈಪು ತೊಟ್ಟಿಕ್ಕುತ್ತಿದ್ದುದು ಅದೇ ಕಾಲಿನ ಬುಡಕ್ಕೆ. ಗೊಬ್ಬರದ ನೀರು ಬೇರೆ. ಕಾಂಕ್ರೀಟಿನಿಂದ ಮೇಲಕ್ಕೆ ಒಂದು ಗೇಣು ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. ಸ್ಕ್ರೂಡ್ರೈವರಿನಿಂದ ಕೆದಕಿದರೆ ಪುಡಿ ಉದುರಿತು.

ಬಾಗಿದ ದಿಕ್ಕು ಮುಖ್ಯ. ಸಮಬಾಹು ಆಂಗ್ಲರಿಗೆ ಅತಿ ದುರ್ಬಲ ಅಕ್ಷ ಯಾವ ಮಗ್ಗುಲಿಗೂ ಸಮಾನಾಂತರವಲ್ಲ, ಓರೆಯಾಗಿದೆ. ಆದ್ದರಿಂದ ಕಾಲು ಬಾಗುವುದು ಸ್ಟ್ಯಾಂಡಿನ ಮೂಲೆಯಿಂದ ನಡುವಿಗೆ ಎಳೆದ ಗೆರೆಯ ಉದ್ದಕ್ಕೆ. 40-40-5ಕ್ಕೆ ಆ ಅಕ್ಷದ ಸುತ್ತಲ ಜೈರೇಷನ್ ತ್ರಿಜ್ಯ (ಕಬ್ಬಿಣ ಅಕ್ಷದಿಂದ ಎಷ್ಟು ದೂರ ಹರಡಿದೆ ಎಂಬ ಅಳತೆ; ಕಡಿಮೆಯಾದಷ್ಟೂ ಬೇಗ ಬಾಗುತ್ತದೆ) ಬರೀ 7.7 ಮಿ.ಮೀ. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಬಾಗುವ ತೆಳು ಸರಳುಗಳ ಗಣಿತ ಪ್ರಕಟಿಸಿದ್ದು 1744ರಲ್ಲಿ. ಆ ಸೂತ್ರಕ್ಕೆ 3 ಮೀಟರ್ ಉದ್ದ ಹಾಕಿ, ಎರಡೂ ತುದಿ ತಿರುಗಲು ಬಿಟ್ಟರೆ ಒಂದು ಕಾಲಿನ ತಾಕತ್ತು 4.9 ಕಿಲೋನ್ಯೂಟನ್, ಅಂದರೆ ಸುಮಾರು 500 ಕೆ.ಜಿ. ನೀರು, ಟ್ಯಾಂಕು, ಮೇಲಿನ ಚೌಕಟ್ಟು ಸೇರಿ 2100 ಕೆ.ಜಿ.; ಕಾಲೊಂದಕ್ಕೆ 5.15 ಕಿಲೋನ್ಯೂಟನ್. ಲೆಕ್ಕದ ಪ್ರಕಾರ ನಿಲ್ಲಲೇಬಾರದು. ನಿಂತಿದೆ ಅಂದರೆ ತುದಿಗಳ ಬಿಗಿಯಿಂದ: ಬುಡ ಕಾಂಕ್ರೀಟಿನಲ್ಲಿ ಹೂತಿದೆ, ತಲೆ ಚೌಕಟ್ಟಿಗೆ ವೆಲ್ಡ್ ಆಗಿದೆ. ತುಕ್ಕು ತಿಂದ ಕಾಲಿಗೆ ಬುಡದ ಬಿಗಿ ಹೋಗಿದೆ. ಎಷ್ಟು ಹೋಗಿದೆ ಎಂಬುದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ಕಾಲನ್ನೇ ಕೇಳಬೇಕು.

ಅದಕ್ಕೆ ಒಂದು ಹಳೆಯ ಉಪಾಯವಿದೆ. 1932ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ರಿಚರ್ಡ್ ಸೌತ್‌ವೆಲ್ ತೋರಿಸಿಕೊಟ್ಟದ್ದು. ಕಂಬವನ್ನು ಮುರಿಯದೆ ಅದರ ಬಕ್ಲಿಂಗ್ ಭಾರ (ಕಂಬ ನೆಟ್ಟಗೆ ನಿಲ್ಲಲಾರದೆ ಪಕ್ಕಕ್ಕೆ ಬಾಗಿಬಿಡುವ ಭಾರ) ಅಳೆಯಬಹುದು: ಭಾರ ಏರಿಸುತ್ತ ಹೋಗಿ ಪ್ರತಿ ಹಂತದಲ್ಲಿ ಹೆಚ್ಚುವರಿ ಬಾಗು ಬರೆದುಕೊಳ್ಳಿ. ಬಾಗನ್ನು ಭಾರದಿಂದ ಭಾಗಿಸಿ, ಅದನ್ನು ಬಾಗಿನ ಎದುರು ಗ್ರಾಫ್ ಹಾಕಿದರೆ ನೇರ ಗೆರೆ ಬರುತ್ತದೆ. ಆ ಗೆರೆಯ ಇಳಿಜಾರಿನಿಂದ 1ನ್ನು ಭಾಗಿಸಿದರೆ ಬಕ್ಲಿಂಗ್ ಭಾರ. ನಮ್ಮಲ್ಲಿ ಭಾರ ಏರಿಸುವ ಯಂತ್ರ ಆಗಲೇ ಇದೆ, ಬೋರ್‌ವೆಲ್ ಪಂಪು.

ಮೊದಲು ಆ ಮೂಲೆಯ ಕೆಳಗೆ ಒಂದು ಸೆಂಟ್ರಿಂಗ್ ಜಾಕಿ ನಿಲ್ಲಿಸಿದೆವು. ಚೌಕಟ್ಟಿಗೂ ಜಾಕಿಗೂ ನಡುವೆ ಒಂದು ಹ್ಯಾಕ್ಸಾ ಬ್ಲೇಡು ತೂರುವಷ್ಟು ಸಂದು. ಕಾಲು ಕೈಕೊಟ್ಟರೆ ಟ್ಯಾಂಕು ಜಾಕಿಯ ಮೇಲೆ ಕೂರಬೇಕು, ನಮ್ಮ ಮೇಲಲ್ಲ. (ಇದನ್ನು ಯಾರಾದರೂ ಮಾಡುವುದಾದರೆ ಈ ಜಾಕಿ ಇಲ್ಲದೆ ಮಾಡಬೇಡಿ.) ಆಂಗ್ಲರಿನ ಹೊರ ಅಂಚಿಗೆ ಮೇಲಿಂದ ಕೆಳಗೆ ನೈಲಾನ್ ದಾರ ಬಿಗಿದು, ನಡುವೆ ಸ್ಕೇಲ್ ಹಿಡಿದು ಅಳೆದದ್ದು. ಖಾಲಿ ಟ್ಯಾಂಕಿಗೆ ಬಾಗು 5 ಮಿ.ಮೀ. 500 ಲೀಟರಿಗೆ ಅದರ ಮೇಲೆ 1.1 ಮಿ.ಮೀ., 1000ಕ್ಕೆ 2.8, 1500ಕ್ಕೆ 5.9. ಪೂರ್ತಿ ತುಂಬಿದಾಗ 13. ಕೊನೆಯ 500 ಲೀಟರ್ ಮೊದಲಿನ 500ರ ಆರು ಪಟ್ಟನ್ನೂ ಮೀರಿ ಬಾಗಿಸಿತು. ಗ್ರಾಫ್ ಹಾಕುವ ಮುಂಚೆಯೇ ಚಿಕ್ಕಪ್ಪನ ಮುಖ ನೋಡಿದರೆ ಸಾಕಿತ್ತು.

ಗೆರೆ ನೆಟ್ಟಗೆ ಬಂತು. ಖಾಲಿ ಟ್ಯಾಂಕಿನ ತೂಕವನ್ನೂ ಸೇರಿಸಿಕೊಂಡರೆ ಆ ಕಾಲಿನ ಬಕ್ಲಿಂಗ್ ಭಾರ ಸುಮಾರು 7 ಕಿಲೋನ್ಯೂಟನ್. ಗೆರೆ ಇನ್ನೊಂದು ವಿಷಯವನ್ನೂ ಹೇಳುತ್ತದೆ: ಮೂಲದಲ್ಲೇ ಇದ್ದ ಡೊಂಕು ಎಷ್ಟು ಎಂದು. 4.9 ಮಿ.ಮೀ. ಬಂತು. ದಾರದ ಅಳತೆ 5. ಇಷ್ಟು ಹೊಂದಿಕೆ ಸಿಕ್ಕ ಮೇಲೆ ಮಾಡೆಲ್ ಕಟ್ಟಲು ಕೂತೆ.

ಫೈನೈಟ್ ಎಲಿಮೆಂಟ್ ವಿಧಾನ, ಅಂದರೆ ರಚನೆಯನ್ನು ಸಣ್ಣ ಸಣ್ಣ ತುಂಡುಗಳಾಗಿ (ಎಲಿಮೆಂಟ್) ಒಡೆದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಲೆಕ್ಕಕ್ಕೆ ಬಳಸಿದ ಸಾಫ್ಟ್‌ವೇರ್ ಕ್ಯಾಲ್ಕ್ಯುಲಿಕ್ಸ್, ಅದಕ್ಕೆ ಮಾಡೆಲ್ ಕಟ್ಟಿ ಕೊಡಲು, ಉತ್ತರ ನೋಡಲು ಪ್ರೀಪೋಮ್ಯಾಕ್ಸ್. ಎರಡೂ ಉಚಿತ, ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಓಡುತ್ತವೆ. ಕ್ಯಾಲ್ಕ್ಯುಲಿಕ್ಸ್‌ನ ಬೀಮ್ (ಸರಳಿನಂಥ) ಎಲಿಮೆಂಟಿಗೆ ಆಯತ, ವೃತ್ತ, ಪೈಪು, ಬಾಕ್ಸ್ ಗೊತ್ತು, ಆಂಗ್ಲರ್ ನೇರವಾಗಿ ಬರುವುದಿಲ್ಲ. ಹಾಗಾಗಿ ಕಾಲುಗಳನ್ನು ಎಂಟು ನೋಡಿನ (ಬಿಂದುವಿನ) ಶೆಲ್, ಅಂದರೆ ತಗಡಿನಂಥ ಎಲಿಮೆಂಟಿನಲ್ಲಿ (ಎಸ್8ಆರ್) ಕಟ್ಟಿದೆ. ಶೆಲ್ ಕೂರುವುದು ತಗಡಿನ ನಡುಗೆರೆಯ ಮೇಲೆ, ಆದ್ದರಿಂದ ಮಗ್ಗುಲಿನ ಅಗಲ 40 ಅಲ್ಲ, 37.5. ಒಂದೇ ಕಾಲನ್ನು ಎರಡೂ ತುದಿ ಸಡಿಲ ಬಿಟ್ಟು ಓಡಿಸಿದಾಗ 4.9 ಬಂತು, ಆಯ್ಲರನ ಉತ್ತರವೇ. ಈ ಪರೀಕ್ಷೆ ಪಾಸಾಗದ ಮಾಡೆಲನ್ನು ಮುಂದಕ್ಕೆ ಒಯ್ಯುವುದು ದಂಡ.

ಇನ್ನು ಇಡೀ ಸ್ಟ್ಯಾಂಡು. ಲೀನಿಯರ್ ಬಕ್ಲಿಂಗ್ (ಬಾಗಿದ ಮೇಲಿನ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯದ ಸರಳ ವಿಶ್ಲೇಷಣೆ) ಓಡಿಸಿ ಹತ್ತು ಮೋಡ್, ಅಂದರೆ ಬಾಗುವ ಹತ್ತು ಬಗೆ, ಕೇಳಿದೆ. ಹತ್ತೂ ಪಟ್ಟಿಯವೇ. ಮೊದಲ ಮೋಡಿನ ಲೋಡ್ ಫ್ಯಾಕ್ಟರ್ (ಬಕ್ಲಿಂಗ್ ಭಾರ ಭರ್ತಿ ಟ್ಯಾಂಕಿನ ಭಾರದ ಎಷ್ಟು ಪಟ್ಟು ಎಂಬುದು) 0.25, ಅಂದರೆ ಟ್ಯಾಂಕು ಕಾಲು ಭಾಗ ತುಂಬುವಷ್ಟರಲ್ಲಿ "ಬಕ್ಲಿಂಗ್". ವರದಿಯಲ್ಲಿ ಈ ಒಂದು ಸಂಖ್ಯೆ ಓದಿದವರು ಮೇಸ್ತ್ರಿ ಹೇಳಿದ ಹಾಗೆ ಪಟ್ಟಿಯನ್ನೇ ದಪ್ಪ ಮಾಡಿಸುತ್ತಾರೆ. ಸಂಖ್ಯೆ ಸರಿಯೇ ಇದೆ. ಕಾಲು ಕುಗ್ಗಿದಾಗ ಅದರ ಜೊತೆ ಪಟ್ಟಿಯೂ ಕುಗ್ಗಬೇಕು, 5 ಮಿ.ಮೀ. ದಪ್ಪದ ಮೂರು ಮೀಟರ್ ಪಟ್ಟಿ ಕುಗ್ಗುವ ಬದಲು ಬಾಗುತ್ತದೆ. ಚಿಕ್ಕಪ್ಪ ಕಂಡದ್ದು ಇದನ್ನೇ. ಆದರೆ ಪಟ್ಟಿ ಬಾಗಿದ ಮೇಲೆ ಏನಾಗುತ್ತದೆ? ಅದು ತನ್ನ ಪಾಲಿನ ಭಾರವನ್ನು ಕಾಲಿಗೆ ದಾಟಿಸಿ ಸುಮ್ಮನಾಗುತ್ತದೆ. ಗಾಳಿ ಬಂದಾಗ ಇಂಟುವಿನ ಒಂದು ಪಟ್ಟಿ ಜಗ್ಗಿ ಹಿಡಿಯುತ್ತದೆ, ಅದರ ಕೆಲಸ ಅಷ್ಟೇ.

ಲೀನಿಯರ್ ವಿಶ್ಲೇಷಣೆಯ ನಿಜವಾದ ಮೋಸ ಇದಕ್ಕಿಂತ ಒಳಗಿದೆ. ಪಟ್ಟಿ ಬಾಗುವುದಿಲ್ಲ ಎಂದು ನಂಬಿಕೊಂಡ ಆ ಲೆಕ್ಕ ಟ್ಯಾಂಕಿನ ಭಾರದಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಪಟ್ಟಿಗಳಿಗೇ ಹಂಚಿಬಿಡುತ್ತದೆ. ಹಾಗಾಗಿ ಪಟ್ಟಿಯ ಮೋಡುಗಳನ್ನೆಲ್ಲ ದಾಟಿ ಕಾಲಿನ ಮೋಡ್ ಹುಡುಕಿ ತೆಗೆದರೂ ಅದರ ಫ್ಯಾಕ್ಟರ್ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪಟ್ಟಿಗಳನ್ನು ಕಿತ್ತು, ಮೇಲಿನ ಚೌಕಟ್ಟು ಅಡ್ಡಕ್ಕೆ ಸರಿಯದ ಹಾಗೆ ಹಿಡಿದು ಮತ್ತೆ ಓಡಿಸಿದೆ. ತುಕ್ಕಿನ ಕಾಲು 7.1 ಕಿಲೋನ್ಯೂಟನ್, ಬುಡ ಗಟ್ಟಿಯಿರುವ ಉಳಿದ ಮೂರೂ 13ರ ಆಸುಪಾಸು. ತೋಟದಲ್ಲಿ ಅಳೆದದ್ದು 7. ಇದು ನಂಬಬಹುದಾದ ಮಾಡೆಲ್.

ಬಕ್ಲಿಂಗ್ ಆದ ಮೇಲೆ ರಚನೆ ಭಾರ ಹೊರುತ್ತಲೇ ಇರುತ್ತದೋ, ಒಮ್ಮೆಲೇ ಕುಸಿಯುತ್ತದೋ ಎಂಬುದನ್ನು ಗಣಿತಕ್ಕೆ ಇಳಿಸಿದವರು ಡಚ್ ಎಂಜಿನಿಯರ್ ವಾರ್ನರ್ ಕೊಯಿಟರ್, 1945ರ ಪಿಎಚ್‌ಡಿ ಪ್ರಬಂಧದಲ್ಲಿ. ಡಚ್ ಭಾಷೆಯಲ್ಲಿದ್ದ ಕಾರಣ ಹೊರಗಿನವರು ಅದನ್ನು ಓದಲು ಬಹಳ ವರ್ಷ ಹಿಡಿಯಿತು. ತೆಳು ತಗಡು ಸುಕ್ಕಾದ ಮೇಲೂ ಹೆಚ್ಚು ಭಾರ ಹೊರಬಲ್ಲದು. ತೆಳು ಸಿಲಿಂಡರು ಸದ್ದಿಲ್ಲದೆ ನಿಂತಿದ್ದು ಒಮ್ಮೆಲೇ ಬೀಳುತ್ತದೆ. ಕಂಬ ಇವೆರಡರ ನಡುವೆ: ಬಕ್ಲಿಂಗ್ ಭಾರ ಮುಟ್ಟಿದ ಮೇಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಬಾಗುತ್ತ ಹೋಗುತ್ತದೆ, ಉಕ್ಕು ಯೀಲ್ಡ್ ಆಗುವವರೆಗೆ, ಅಂದರೆ ಮತ್ತೆ ನೆಟ್ಟಗಾಗದ ಹಾಗೆ ಬಾಗುವವರೆಗೆ. ಆಮೇಲೆ ಇಳಿತ.

ಆ ಇಳಿತವನ್ನು ಕಾಣಬೇಕಾದರೆ ಭಾರ ಏರಿಸುತ್ತ ಹೋಗುವ ವಿಧಾನ ಸಾಲದು. ಗರಿಷ್ಠ ಭಾರ ಮುಟ್ಟಿದ ಕೂಡಲೇ ಸಾಲ್ವರ್ (ಲೆಕ್ಕ ಬಿಡಿಸುವ ಪ್ರೋಗ್ರಾಂ) ಕೈಚೆಲ್ಲುತ್ತದೆ. ರಿಕ್ಸ್ ವಿಧಾನ ಇರುವುದೇ ಇದಕ್ಕಾಗಿ, ಭಾರ ಮತ್ತು ಸ್ಥಾನಪಲ್ಲಟ (ಎಷ್ಟು ಸರಿಯಿತು ಎಂಬುದು) ಎರಡನ್ನೂ ಜೊತೆಯಲ್ಲಿ ಬಿಟ್ಟು ಕರ್ವಿನ ಗುಂಟ ಹೆಜ್ಜೆ ಹಾಕುತ್ತದೆ. ನಾನು ಬಳಸಿದ ಕ್ಯಾಲ್ಕ್ಯುಲಿಕ್ಸ್‌ನಲ್ಲಿ ಅದಿಲ್ಲ. ಕಂಬಕ್ಕೆ ಅಷ್ಟೇನೂ ಬೇಕಿಲ್ಲ, ಭಾರದ ಬದಲು ಕಾಲಿನ ತಲೆಯನ್ನು ಸ್ವಲ್ಪ ಸ್ವಲ್ಪವೇ ಕೆಳಕ್ಕೆ ತಳ್ಳಿ, ಬುಡದ ಪ್ರತಿಕ್ರಿಯೆ ಓದಿಕೊಂಡರೆ ಆಯಿತು. ಡೊಂಕನ್ನು ಮಾಡೆಲಿಗೆ ತುಂಬಲು ಸಿದ್ಧ ಕಮಾಂಡ್ ಇಲ್ಲವಾದ್ದರಿಂದ ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದು ನೋಡುಗಳನ್ನು ಸೈನ್ ಆಕಾರದಲ್ಲಿ 5 ಮಿ.ಮೀ. ಸರಿಸಿದೆ. ಉಕ್ಕಿಗೆ 250 ಮೆಗಾಪಾಸ್ಕಲ್ ಯೀಲ್ಡ್, ದೊಡ್ಡ ಸ್ಥಾನಪಲ್ಲಟದ ಲೆಕ್ಕ ಆನ್.

ಉತ್ತರ: ಕಾಲು ಹೊರಬಲ್ಲ ಗರಿಷ್ಠ ಭಾರ 7 ಅಲ್ಲ, 6.4 ಕಿಲೋನ್ಯೂಟನ್. ಅಲ್ಲಿಗೆ ಬರುವಷ್ಟರಲ್ಲಿ ನಡುವಿನ ಬಾಗು 50 ಮಿ.ಮೀ. ದಾಟಿರುತ್ತದೆ, ಆದರೆ ಟ್ಯಾಂಕಿನ ಮೂಲೆ ಇಳಿದಿರುವುದು ಎರಡೂಕಾಲು ಮಿ.ಮೀ. ಅಷ್ಟೇ! ಮೇಲೆ ರಸಮಟ್ಟ ಇಟ್ಟು ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಗಾಳಿಯ ಲೆಕ್ಕ ಕೇಳಿದರೆ ಇನ್ನೂ ಕೆಟ್ಟ ಸುದ್ದಿ. ಕಟ್ಟಡಗಳ ಮೇಲಿನ ಭಾರಕ್ಕೆ ಇರುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಗಾಳಿ; ನಾನೂ ಅದನ್ನೇ ಹಿಡಿದೆ. ಟ್ಯಾಂಕಿನ ಮೇಲೆ ಸುಮಾರು 1 ಕಿಲೋನ್ಯೂಟನ್ ತಳ್ಳು. ಗಾಳಿ ಮೂಲೆಯಿಂದ ಮೂಲೆಗೆ ಬೀಸಿದರೆ ಎದುರು ಮೂಲೆಯ ಕಾಲಿಗೆ 2.2 ಹೆಚ್ಚುವರಿ, ಒಟ್ಟು 7.4. ಕಾಲಿನ ಮಿತಿ 6.4. ಮಾವು ಉದುರಿಸುವ ಏಪ್ರಿಲ್-ಮೇ ಬಿರುಗಾಳಿ ತುಂಬಿದ ಟ್ಯಾಂಕಿಗೆ ನೈಋತ್ಯದಿಂದ ಬಡಿದರೆ ಈಶಾನ್ಯದ ಕಾಲು ಕೈಬಿಡುತ್ತದೆ. ಆಗ ಅದರ ಭಾರ ಹೋಗುವುದು ಪಕ್ಕದ ಎರಡು ಕಾಲುಗಳಿಗೆ. ಅವು ಹೊತ್ತರೂ ಹೊತ್ತಾವು, ಆದರೆ ಆ ಭರವಸೆಯ ಮೇಲೆ ಟ್ಯಾಂಕಿನ ಕೆಳಗೆ ಗೊಬ್ಬರ ಕಲಸಲು ಯಾರನ್ನೂ ನಿಲ್ಲಿಸಲಾಗದು.

ಇಷ್ಟೆಲ್ಲ ಮಾಡಿದ್ದಕ್ಕೆ ನಾನೇ ನಗಬೇಕಾದ ಒಂದು ಮಾತು. ಉಕ್ಕಿನ ಕಟ್ಟಡಗಳ ಭಾರತೀಯ ಮಾನಕ ಐಎಸ್ 800:2007 ತೆಗೆದರೆ, ಭಾರ ಹೊರುವ ಕಂಬದ ಉದ್ದವನ್ನು ಜೈರೇಷನ್ ತ್ರಿಜ್ಯದಿಂದ ಭಾಗಿಸಿದ್ದು 180 ಮೀರಬಾರದು. ಇಲ್ಲಿ 3000ಕ್ಕೆ 7.7, ಅಂದರೆ 390. ಸ್ಟ್ಯಾಂಡು ತಪ್ಪು ಎಂದು ತಿಳಿಯಲು ಒಂದು ಭಾಗಾಕಾರ ಸಾಕು. ಫೈನೈಟ್ ಎಲಿಮೆಂಟ್ ಉಪಯೋಗಕ್ಕೆ ಬಂದದ್ದು ಯಾವ ರಿಪೇರಿ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ನೋಡಲು.

ಬುಡ ಸರಿ ಮಾಡುವುದು ಹೇಗಿದ್ದರೂ ಆಗಬೇಕು. ಅದನ್ನು ಮಾಡಿದರೆ ನಾಲ್ಕೂ ಕಾಲು ಸಮ, ಫ್ಯಾಕ್ಟರ್ 2.5. ಮೇಸ್ತ್ರಿಯ 50-6 ಪಟ್ಟಿ ಹಾಕಿ ನೋಡಿದೆ: 2.5 ಹಾಗೇ ಉಳಿಯಿತು. ಕಾಲುಗಳನ್ನೇ 50-50-6ಕ್ಕೆ ಬದಲಾಯಿಸಿದರೆ ಫ್ಯಾಕ್ಟರ್ ದುಪ್ಪಟ್ಟಿಗೂ ಮಿಕ್ಕಿ ಏರುತ್ತದೆ, ಆದರೆ ಇಡೀ ಸ್ಟ್ಯಾಂಡು ಬಿಚ್ಚಬೇಕು, 180ರ ನಿಯಮ ಆಗಲೂ ಪಾಸಾಗುವುದಿಲ್ಲ. ಉಳಿದದ್ದು ಎಲ್ಲರಿಗೂ ಹೊಳೆಯುವ ದಾರಿ: ಅರ್ಧ ಎತ್ತರದಲ್ಲಿ ನಾಲ್ಕೂ ಕಾಲು ಸುತ್ತಿ ಒಂದು ಪಟ್ಟಿಯ ಬಳೆ. ಕಾಲಿನ ಉದ್ದ ಅರ್ಧ, ತಾಕತ್ತು ನಾಲ್ಕು ಪಟ್ಟು. ಹೌದಲ್ಲ?

ಅಲ್ಲ. ಬಳೆ ಹಾಕಿ ಓಡಿಸಿದರೆ 2.5 ಇದ್ದದ್ದು 2.65 ಆಯಿತು. ಮೋಡ್ ಆಕಾರ ನೋಡಿದಾಗ ಕಾರಣ ಕಂಡಿತು. ಎದುರುಬದುರಿನ ಎರಡು ಕಾಲು ಹೊರಕ್ಕೆ, ಇನ್ನೆರಡು ಒಳಕ್ಕೆ. ಮೂಲೆ ಸಡಿಲವಾದ ಹಳೇ ಮಂಚದ ಚೌಕಟ್ಟು ಓರೆಯಾಗುವ ಹಾಗೆ ಚೌಕದ ಬಳೆ ವಜ್ರಾಕಾರ ತಾಳುತ್ತದೆ. ಬಳೆಯ ನಾಲ್ಕು ಬದಿಗಳ ಉದ್ದ ಒಂದಿಷ್ಟೂ ಬದಲಾಗುವುದಿಲ್ಲ, ಆದ್ದರಿಂದ ಬಳೆ ಪ್ರತಿಭಟಿಸುವುದೂ ಇಲ್ಲ. ಆಂಗ್ಲರುಗಳ ದುರ್ಬಲ ದಿಕ್ಕು ಮೂಲೆಗುಂಟವೇ ಇರುವುದರಿಂದ ಈ ಮೋಡ್ ಅವಕ್ಕೆ ಹೇಳಿ ಮಾಡಿಸಿದಂತಿದೆ. ಎದ್ದು ನಿಲ್ಲಿಸಿದ 5 ಮಿ.ಮೀ. ಪಟ್ಟಿ ಅಡ್ಡಕ್ಕೆ ಬಾಗುವಾಗ ಕೊಡುವ ಬಿಗಿ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಸುತ್ತಮುತ್ತ ನಡುವೆ ಬಳೆ ಇರುವ ಸ್ಟ್ಯಾಂಡುಗಳೂ ಬಹಳ ಇವೆ. ಅವುಗಳ ಬಳೆ ಎಷ್ಟರಮಟ್ಟಿಗೆ ಅಲಂಕಾರ ಎಂದು ಈಗ ನೋಡಿದಾಗಲೆಲ್ಲ ಅನಿಸುತ್ತದೆ.

ಪರಿಹಾರ ಎರಡು. ಬಳೆಯೊಳಗೆ ಮೂಲೆಯಿಂದ ಮೂಲೆಗೆ ಒಂದು ಓರೆ ಪಟ್ಟಿ ಕೊಟ್ಟು ವಜ್ರಾಕಾರ ತಪ್ಪಿಸುವುದು ಒಂದು. ಇನ್ನೊಂದಕ್ಕೆ ಹೊಸ ಕಬ್ಬಿಣವೇ ಬೇಡ. ಬಳೆ ವಜ್ರಾಕಾರವಾಗುವಾಗ ಪ್ರತಿ ಬದಿಯ ನಡುಬಿಂದು ತನ್ನ ಮುಖದ ಉದ್ದಕ್ಕೆ ಸರಿಯಲೇಬೇಕು. ಆ ನಡುಬಿಂದುವಿನ ಹತ್ತಿರವೇ ಇಂಟುವಿನ ಎರಡು ಪಟ್ಟಿಗಳು ಒಂದನ್ನೊಂದು ದಾಟುತ್ತವೆ. ಮೂರನ್ನೂ ಅಲ್ಲಿ ವೆಲ್ಡ್ ಮಾಡಿದರೆ ಇಂಟು ಪಟ್ಟಿಗಳು ಬಳೆಯನ್ನು ಸರಿಯಗೊಡುವುದಿಲ್ಲ. ಫ್ಯಾಕ್ಟರ್ 5.4. ಪಟ್ಟಿಗಳು ನಿಜವಾಗಿ ಬಾಗಲು ಬಿಟ್ಟು, ಡೊಂಕು ಸೇರಿಸಿ ನಾನ್‌ಲೀನಿಯರ್ ಓಡಿಸಿದಾಗ ಬಳೆ 0.25 ಮಿ.ಮೀ. ಸರಿದ ಮೇಲೆ ಒಂದು ಪಟ್ಟಿ ನೆಟ್ಟಗಾಗಿ ಜಗ್ಗಿ ಹಿಡಿಯಿತು. ನಾಲ್ಕು ಪಟ್ಟು ಭಾರದವರೆಗೂ ಕಾಲುಗಳು ಅಲುಗಲಿಲ್ಲ, ಅಲ್ಲಿಗೆ ನಿಲ್ಲಿಸಿದೆ. ಉದ್ದ 1.5 ಮೀಟರಾಗಿ, ತುದಿಗಳ ಬಿಗಿಗಾಗಿ ಆ ಉದ್ದದ 0.85 ಭಾಗ ಮಾತ್ರ ಹಿಡಿದರೆ ಆ 390 ಈಗ 166. ನಿಯಮವೂ ಪಾಸು.

ಕೆಲಸಕ್ಕೆ ಬಂದ ಮೇಸ್ತ್ರಿಗೆ ಮೊಬೈಲಿನಲ್ಲಿ ವಜ್ರಾಕಾರದ ವಿಡಿಯೊ ತೋರಿಸಿದೆ. ಎರಡು ಸಲ ನೋಡಿದರು. "ಹಂಗಾದ್ರೆ ಇಷ್ಟು ವರ್ಷ ಸುಮ್ನೆ ಬಳೆ ಹಾಕಿದ್ದಾ ಸಾರ್?" ಎಂದರು, ಆಮೇಲೆ ಅವರೇ ಒಳ್ಳೆಯದೊಂದು ತೋರಿಸಿದರು. ಇಂಟುವಿನ ಒಂದು ಪಟ್ಟಿ ಆಂಗ್ಲರಿನ ಹೊರಮೈಗೆ, ಇನ್ನೊಂದು ಒಳಮೈಗೆ ವೆಲ್ಡ್ ಆಗಿದೆ, ಎರಡರ ನಡುವೆ ಆಂಗ್ಲರಿನ ದಪ್ಪದಷ್ಟೇ, ಅಂದರೆ 5 ಮಿ.ಮೀ. ಸಂದು. ಬಳೆಯ ಪಟ್ಟಿಯ ದಪ್ಪವೂ 5. ತಳ್ಳಿದರೆ ಸರಿಯಾಗಿ ಒಳಗೆ ಕೂರುತ್ತದೆ, ಪ್ಯಾಕಿಂಗ್ ಬೇಡ. ತುದಿಗಳು ಆಂಗ್ಲರಿನ ಅಂಚಿಗೆ ಮುಟ್ಟುವಲ್ಲಿ ಒಳಗಡೆ ಒಂದೊಂದು ಸಣ್ಣ ತುಂಡು ಪಟ್ಟಿ ಒತ್ತು ಕೊಟ್ಟೆವು. ಇಷ್ಟಕ್ಕೂ ಬೇಕಾದದ್ದು ಏಳು ಕೆ.ಜಿ. ಚಿಲ್ಲರೆ ಪಟ್ಟಿ.

ಟ್ಯಾಂಕು ಪೂರ್ತಿ ಖಾಲಿ ಮಾಡಿ, ಜಾಕಿಯ ಮೇಲೆ ಮೂಲೆ ಕೂರಿಸಿ, ತುಕ್ಕಿನ ಕಾಲನ್ನು ಬುಡದಿಂದ 400 ಮಿ.ಮೀ. ಕತ್ತರಿಸಿದೆವು. ಭಾರ ಹೊತ್ತ ಕಾಲಿಗೆ ವೆಲ್ಡಿಂಗ್ ಕಾವು ಕೊಡುವುದು ಅಪಾಯ, ಕಾದ ಉಕ್ಕು ಮೆತ್ತಗಾಗುತ್ತದೆ. ಹೊಸ ತುಂಡು, ಕೆಳಗೆ 8 ಮಿ.ಮೀ. ಪ್ಲೇಟು, 12 ಮಿ.ಮೀ. ಆಂಕರ್ ಬೋಲ್ಟು. ಜಾಯಿಂಟಿನ ಒಳಗೆ 35-35-5 ಆಂಗ್ಲರ್ ತುಂಡು ಕೂರಿಸಲು ಅದರ ಮೂಲೆಯನ್ನು ಗ್ರೈಂಡರಿನಲ್ಲಿ ದುಂಡಗೆ ಮಾಡಬೇಕಾಯಿತು, ಇಲ್ಲದಿದ್ದರೆ ಹೊರ ಆಂಗ್ಲರಿನ ಒಳತಿರುವಿಗೆ ತಗುಲಿ ಎದ್ದು ನಿಲ್ಲುತ್ತದೆ. ಉಳಿದ 5 ಮಿ.ಮೀ. ಡೊಂಕನ್ನು ಕಾಯಿಸಿ ನೆಟ್ಟಗೆ ಮಾಡಲು ಹೋಗಲಿಲ್ಲ, ಮಾಡೆಲಿನಲ್ಲಿ ಅದು ಆಗಲೇ ಇದೆ. ರೆಡ್ ಆಕ್ಸೈಡ್ ಎರಡು ಕೋಟು.

ಮತ್ತೆ ದಾರ ಕಟ್ಟಿ ತುಂಬಿಸಿದೆವು. ಖಾಲಿಗೂ ಭರ್ತಿಗೂ ನಡುವೆ ಸ್ಕೇಲಿನಲ್ಲಿ ಓದುವಷ್ಟು ವ್ಯತ್ಯಾಸ ಸಿಗಲಿಲ್ಲ. ಪಟ್ಟಿಗಳು ಮಾತ್ರ ಈಗಲೂ ಬಾಗುತ್ತವೆ, ನಡುವೆ ವೆಲ್ಡ್ ಇರುವುದರಿಂದ ಇಂಗ್ಲಿಷಿನ ಎಸ್ ಆಕಾರದಲ್ಲಿ, ಒಂದೊಂದು ಅರ್ಧಕ್ಕೆ ಏಳೆಂಟು ಮಿ.ಮೀ. ಚಿಕ್ಕಪ್ಪನಿಗೆ ಅದೇ ಕಣ್ಣಿಗೆ ಚುಚ್ಚುತ್ತದೆ. "ಒಂದು ಟರ್ನ್‌ಬಕಲ್ ಹಾಕಿ ಬಿಗಿದುಬಿಡೋಣ" ಎಂದರು (ತಿರುಗಿಸಿದರೆ ಎರಡೂ ಕಡೆಯಿಂದ ಎಳೆದು ಬಿಗಿಯುವ ಸ್ಕ್ರೂ ಅದು). ಬೇಡ ಚಿಕ್ಕಪ್ಪ ಅಂದೆ. ತುಂಬಿದ ಟ್ಯಾಂಕಿನ ಕೆಳಗೂ ಪಟ್ಟಿಯಲ್ಲಿ ಬಿಗಿ ಉಳಿದರೆ ಆ ಬಿಗಿಯೆಲ್ಲ ಕಾಲುಗಳನ್ನು ಕೆಳಕ್ಕೆ ಜಗ್ಗುತ್ತದೆ: ಎಂಟೂ ಪಟ್ಟಿಯಲ್ಲಿ ಒಂದೊಂದು ಕಿಲೋನ್ಯೂಟನ್ ಉಳಿದರೆ ಪ್ರತಿ ಕಾಲಿಗೆ 1.86 ಹೆಚ್ಚು, ಮುಕ್ಕಾಲು ಟನ್ ನೀರು ಮೇಲೆ ಇಟ್ಟಂತೆ. ಸ್ಪ್ಯಾನರ್ ಹಿಡಿದ ಕೈಗೆ ಆ ಒಂದು ಕಿಲೋನ್ಯೂಟನ್ ತಿಳಿಯುವುದೂ ಇಲ್ಲ.

ಓವರ್‌ಫ್ಲೋ ಪೈಪನ್ನು ಉದ್ದ ಮಾಡಿ ಪಕ್ಕದ ಮಾವಿನ ಪಾತಿಗೆ ತಿರುಗಿಸಿದ್ದೇವೆ. ಆಗ್ನೇಯದ ಕಾಲಿನ ಬುಡದಲ್ಲೂ ತುಕ್ಕು ಶುರುವಾಗಿದೆ. ಕಾಂಕ್ರೀಟನ್ನು ನೆಲದಿಂದ ಅರ್ಧ ಅಡಿ ಎತ್ತರಿಸುವ ಕೆಲಸ ಮಾವು ಇಳಿದ ಮೇಲೆ.